ಲೋರಿಮರ್ ಬರೆದ ಶಬ್ದ

ಹರಿಣಾಕ್ಷಿಯ ಕಂಪ್ಯೂಟರಿಗೆ ಆ ಈಮೇಲ್ ಬಂದದ್ದು ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ. ಅವಳು ಓದಲೆಂದು ಬರೆದದ್ದಾಗಿರಲಿಲ್ಲ ಅದು. ಪ್ಲಾನಿಂಗ್ ವಿಭಾಗದ ಹಿರಿಯರಾದ ಲೋರಿಮರ್, ಪ್ರಾಜೆಕ್ಟ್ ಮ್ಯಾನೇಜರ್ ಒಬ್ಬರಿಗೇ ಕಳಿಸುತ್ತಿದ್ದೇನೆ ಎಂದುಕೊಂಡು ಪ್ರಾಜೆಕ್ಟಿನ ಮೂವತ್ತನಾಲ್ಕು ಜನರಿಗೂ ಹೋಗುವ ವಿಳಾಸವನ್ನು ಒತ್ತಿಬಿಟ್ಟಿದ್ದರು.

ನಾಲ್ಕೇ ಸಾಲು. ಅಬುಧಾಬಿಯ ಅಲ್ ಮೀನಾದಲ್ಲಿ, ಬಂದರಿನ ಹತ್ತಿರ ಕಟ್ಟುತ್ತಿರುವ ಕೋಲ್ಡ್ ಸ್ಟೋರೇಜ್ ಗೋದಾಮಿನ ನೆಲದಲ್ಲಿ ಪೈಪುಗಳಿಗೆಂದು ಬಿಡಬೇಕಾದ ಕಿಂಡಿಗಳು ತಪ್ಪು ಜಾಗದಲ್ಲಿ ಬಂದಿವೆ. ಸೈಟಿಗೆ ಹೋದದ್ದು ಹಳೆಯ ನಕ್ಷೆ, ರಿವಿಷನ್ ಸಿ. ಹೋಗಬೇಕಾದದ್ದು ಡಿ. ಇನ್ನು ಕಾಂಕ್ರೀಟು ಒಡೆಯದೆ ಬೇರೆ ದಾರಿಯಿಲ್ಲ. ಕೊನೆಯ ಸಾಲಿನಲ್ಲಿ, ಡಾಕ್ಯುಮೆಂಟ್ ಕಂಟ್ರೋಲಿನಲ್ಲಿರುವ ಆ ಫುಶನ್‌ಲೆಸ್ ಹೆಂಗಸಿನ ಕೈಯಲ್ಲಿ ನನ್ನ ಕೆಲಸವನ್ನು ಬಿಡಲಾರೆ ಎಂದಿತ್ತು.

ಓದಿ ಮುಗಿಸಿದ ಹರಿಣಾಕ್ಷಿ ಅದಕ್ಕೊಂದು ನಂಬರು ಕೊಟ್ಟು, ಒಳಬಂದ ಪತ್ರಗಳ ಫೋಲ್ಡರಿಗೆ ಸೇರಿಸಿದಳು. ಪ್ರಾಜೆಕ್ಟಿಗೆ ಬಂದ ಪ್ರತಿಯೊಂದು ಕಾಗದಕ್ಕೂ ಹಾಗೆ ಮಾಡಬೇಕು, ಅದೇ ಅವಳ ಕೆಲಸ. ದುಬೈಯ ಜುಮೇರಾ ಲೇಕ್ ಟವರ್ಸ್‌ನ ಇಪ್ಪತ್ತಾರನೇ ಮಹಡಿಯ ಆ ಕನ್ಸಲ್ಟೆನ್ಸಿ ಕಂಪನಿಯಲ್ಲಿ ಒಂಬತ್ತು ವರ್ಷದಿಂದ ನಕ್ಷೆಗಳನ್ನು ಪಡೆಯುವುದು, ಯಾವ ರಿವಿಷನ್ ಎಂದು ನೋಡುವುದು, ದಾಖಲಿಸುವುದು, ಸೈಟಿಗೆ ಕಳಿಸುವುದು ಮಾಡಿಕೊಂಡು ಬಂದಿದ್ದಳು. ಸಾವಿರಗಟ್ಟಲೆ ಹಾಳೆಗಳಲ್ಲಿ ಒಂದು ಅಕ್ಷರದ ವ್ಯತ್ಯಾಸವನ್ನು ಅವಳ ಕಣ್ಣು ಹಿಡಿಯುತ್ತದೆ ಎಂದು ಆಫೀಸಿನಲ್ಲಿ ಹೆಸರಿತ್ತು.

ಮೂಲ್ಕಿಯವಳು. ವಯಸ್ಸು ನಲವತ್ತೇಳು. ಗಂಡ ಕೃಷ್ಣಪ್ಪ ದೇರಾದಲ್ಲಿ ಹಡಗುಗಳಿಗೆ ಸಾಮಾನು ಒದಗಿಸುವ ಅಂಗಡಿಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಹಿಂದಿನ ವರ್ಷ, ಅಂದರೆ ಎರಡು ಸಾವಿರದ ಹದಿಮೂರರ ಜುಲೈಯಲ್ಲಿ, ಒಂದು ಶುಕ್ರವಾರ ತರಕಾರಿ ತರಲು ಹೋದವರು ಕಾರ್ ಪಾರ್ಕಿಂಗಿನಲ್ಲಿ ಕುಸಿದು ಹೋದರು. ಐದನೇ ದಿನ ಹೆಣ ಮಂಗಳೂರಿಗೆ ಹೋಯಿತು. ಹರಿಣಾಕ್ಷಿ ಮಗಳನ್ನು ಕರೆದುಕೊಂಡು ಅದೇ ವಿಮಾನದಲ್ಲಿ ಹೋದಳು, ಹದಿನಾರನೇ ದಿನ ವಾಪಸು ಬಂದಳು. ಅತ್ತದ್ದನ್ನು ಯಾರೂ ನೋಡಲಿಲ್ಲ. ಗಟ್ಟಿಗಿತ್ತಿ ಎಂದರು. ಅವಳು ಗಟ್ಟಿಯಾಗಿಯೇನೂ ಇರಲಿಲ್ಲ. ಹೊರಗಿನಿಂದ ಬಂದದ್ದು ಯಾವುದೂ ಒಳಗೆ ತಾಗುತ್ತಿರಲಿಲ್ಲ, ಅಷ್ಟೆ. ಬೆಳಿಗ್ಗೆ ಯೂನಿಯನ್ ಸ್ಟೇಷನ್ನಿನಿಂದ ಮೆಟ್ರೋ, ಸಂಜೆ ಅದೇ ಮೆಟ್ರೋ. ಮಾಡಬೇಕಾದದ್ದನ್ನು ಕೈ ಮಾಡುತ್ತಿತ್ತು. ಎಂಟು ತಿಂಗಳು ಹಾಗೇ ಕಳೆದಿತ್ತು.

ಈಮೇಲ್ ಬಂದು ಹತ್ತು ನಿಮಿಷವಾಗಿರಲಿಲ್ಲ. ಸ್ಟ್ರಕ್ಚರಲ್ ಇಂಜಿನಿಯರ್ ಪೃಥ್ವಿರಾಜ್ ಅವಳ ಮೇಜಿನ ಹತ್ತಿರ ಬಂದ. ಕಟಪಾಡಿಯ ಹುಡುಗ, ಮೂವತ್ತೆರಡು ವರ್ಷದವನು. ಕೃಷ್ಣಪ್ಪ ಹೋದಾಗ ಆಸ್ಪತ್ರೆಯ ಕಾಗದ, ಪೊಲೀಸ್ ಕಾಗದ, ವಿಮಾನದ ಕಾಗದ ಎಲ್ಲಕ್ಕೂ ಓಡಾಡಿದವನು ಅವನೇ.

"ಅಕ್ಕ, ಓದಿದ್ರಾ?" ಅವನ ಮುಖ ಕೆಂಪಾಗಿತ್ತು. "ಫ್ಯಾಶನ್‌ಲೆಸ್ ಅಂತೆ! ನಿಮ್ಮ ಡ್ರೆಸ್ಸಿನ ಬಗ್ಗೆ ಮಾತಾಡ್ಲಿಕ್ಕೆ ಅವ ಯಾರು? ಗಂಡ ಹೋದ ಹೆಂಗಸಿನ ಹತ್ರ ಹೇಳುವ ಮಾತಾ ಇದು?"

ಹರಿಣಾಕ್ಷಿ ತಾನು ತೊಟ್ಟದ್ದನ್ನು ನೋಡಿಕೊಂಡಳು. ಬೂದುಬಣ್ಣದ ಹತ್ತಿ ಚೂಡಿದಾರ. ಅಂಥವೇ ಮೂರಿದ್ದವು, ಒಂದಾದ ಮೇಲೊಂದು ಹಾಕುತ್ತಿದ್ದಳು. ಕುತ್ತಿಗೆಯಲ್ಲಿ ಕರಿಮಣಿ ಇರಲಿಲ್ಲ, ಹಣೆ ಬರಿದಾಗಿತ್ತು.

"ಅದು ಎ ಅಲ್ಲ, ಯು," ಎಂದಳು.

"ಟೈಪಿಂಗ್ ಮಿಸ್ಟೇಕ್ ಅಕ್ಕ. ಸಿಟ್ಟಲ್ಲಿ ಕುಟ್ಟಿದ್ದು."

ಕೀಬೋರ್ಡಿನಲ್ಲಿ ಎ ಇರುವುದು ಎಡಗಡೆಯ ತುದಿಯಲ್ಲಿ, ಯು ಇರುವುದು ಬಲಗೈಯ ಬೆರಳಿಗೆ ಸಿಗುವಲ್ಲಿ. ಒಂದಕ್ಕೆ ಹೋದ ಬೆರಳು ಇನ್ನೊಂದಕ್ಕೆ ತಪ್ಪಿ ಬೀಳುವುದಿಲ್ಲ. ಅದು ಅವಳ ಕಣ್ಣಿಗೆ ಬಿದ್ದಿತ್ತು. ಹೇಳಬೇಕು ಎನಿಸಲಿಲ್ಲ.

"ನಕ್ಷೆಯ ವಿಷಯ ನೀವು ಟೆನ್ಶನ್ ಮಾಡ್ಬೇಡಿ," ಎಂದ ಪೃಥ್ವಿರಾಜ್ ಸ್ವರ ತಗ್ಗಿಸಿ. "ಸರ್ವರ್ ಪ್ರಾಬ್ಲೆಮ್, ಡಿ ಅಪ್‌ಲೋಡ್ ಆಗ್ಲಿಲ್ಲ ಅಂತ ನಾನು ಸೈಟಿಗೆ ಹೇಳಿಯಾಯ್ತು. ಖಲಾಸ್. ಇನ್ನು ಮಾತು ಅವಂದು ಮಾತ್ರ. ಇಲ್ಲಿ ಬರ್ದು ಬೈದ್ರೆ ಪೊಲೀಸ್ ಕೇಸ್ ಆಗ್ತದೆ, ಗೊತ್ತುಂಟಲ್ಲ? ಊರಿಗೆ ಪಾರ್ಸೆಲ್ ಮಾಡ್ತಾರೆ."

ಮಧ್ಯಾಹ್ನದ ಹೊತ್ತಿಗೆ ಮಹಡಿಯಲ್ಲಿ ಎಲ್ಲರ ಬಾಯಲ್ಲೂ ಫ್ಯಾಶನ್‌ಲೆಸ್ ಇತ್ತು. ಒಡೆಯಬೇಕಾದ ಕಾಂಕ್ರೀಟಿನ ಮಾತನ್ನು ಯಾರೂ ಎತ್ತಲಿಲ್ಲ. ಮಂಗಳವಾರ ಪ್ಯಾಂಟ್ರಿಯಲ್ಲಿ ಊಟಕ್ಕೆ ಕೂತಾಗ ಅಕೌಂಟ್ಸಿನ ಹುಡುಗಿಯೊಬ್ಬಳು ಅವಳ ತೊಡೆಯ ಮೇಲೆ ಒಂದು ಪ್ಯಾಕೆಟ್ ಇಟ್ಟಳು. ಒಳಗೆ ತಿಳಿನೀಲಿ ದುಪಟ್ಟಾ ಇತ್ತು. ಬುಧವಾರ ಇನ್ನೆರಡು ಬಂದವು. ಹರಿಣಾಕ್ಷಿ ಮೂವರಿಗೂ ಥ್ಯಾಂಕ್ಸ್ ಹೇಳಿ ಪ್ಯಾಕೆಟ್‌ಗಳನ್ನು ಡ್ರಾಯರಿನಲ್ಲಿಟ್ಟಳು.

ಎಚ್‌ಆರ್‌ನಲ್ಲಿದ್ದ ಪರ್ಲ್ ಬುಧವಾರ ಮಧ್ಯಾಹ್ನ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದಳು. ಬೆಂದೂರಿನವಳು, ಮನೆಮಾತು ಕೊಂಕಣಿ. ಹರಿಣಾಕ್ಷಿಯ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದಳು. ಗಂಡ ಸತ್ತ ಮೇಲೆ ಮಗಳ ವೀಸಾವನ್ನು ತಾಯಿಯ ಹೆಸರಿಗೆ ಮಾಡಿಸಲು ಕಂಪನಿಯಿಂದ ಬೇಕಾದ ಪತ್ರಗಳನ್ನೆಲ್ಲ ಬೆನ್ನು ಹತ್ತಿ ಕೊಡಿಸಿದ್ದು ಪರ್ಲ್.

"ನಾನೇ ಡ್ರಾಫ್ಟ್ ಮಾಡಿದ್ದೇನೆ ಹರಿಣಕ್ಕ. ನೀವು ಸೈನ್ ಹಾಕಿದ್ರೆ ಸಾಕು." ಒಂದು ಪುಟದ ದೂರು. ನನ್ನ ವೈಧವ್ಯದ ಉಡುಪನ್ನು ಹೀಯಾಳಿಸಿದ್ದಾರೆ, ನನ್ನ ಧರ್ಮದ ಆಚಾರಕ್ಕೆ ಅವಮಾನ ಮಾಡಿದ್ದಾರೆ, ಕಂಪನಿ ಕ್ರಮ ಕೈಗೊಳ್ಳದಿದ್ದರೆ ಪೊಲೀಸರಿಗೆ ಕೊಡುತ್ತೇನೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. "ನಾಳೆ ಮೂರು ಗಂಟೆಗೆ ಡೈರೆಕ್ಟರ್ ಮೀಟಿಂಗ್ ಇಟ್ಟಿದ್ದಾರೆ. ಲೋರಿಮರ್ ಅವರನ್ನು ತೆಗೀಲಿಕ್ಕೆ ಇದೊಂದು ಕಾಗದ ಸಾಕು."

"ತೆಗೀಬೇಕಾ?"

ಪರ್ಲ್ ಅವಳನ್ನೇ ನೋಡಿದಳು. "ನಿಮಗೆ ಬೇಜಾರಾಗ್ಲಿಲ್ವಾ?"

ಹರಿಣಾಕ್ಷಿ ಯೋಚಿಸಿ ನೋಡಿದಳು. "ಇಲ್ಲ," ಎಂದಳು.

"ಅದು ಶಾಕ್ ಅಕ್ಕ. ಆಮೇಲೆ ಆಗ್ತದೆ. ನೋಡಿ, ನೀವು ಸುಮ್ಮನೆ ಕೂತ್ರೆ ನಾಳೆ ನನ್ನನ್ನೂ ಯಾರೋ ಹೀಗೇ ಬರೀತಾರೆ. ಮನೆಗೆ ತಗೊಂಡು ಹೋಗಿ, ಓದಿ, ಸೈನ್ ಹಾಕಿ ತನ್ನಿ."

ದೇರಾದ ಆ ಫ್ಲ್ಯಾಟಿನಲ್ಲಿ ಎರಡು ಕೋಣೆ. ಒಂದರಲ್ಲಿ ಇನ್ನೊಂದು ಸಂಸಾರ, ಮತ್ತೊಂದರಲ್ಲಿ ಹರಿಣಾಕ್ಷಿ ಮತ್ತು ಹನ್ನೊಂದನೇ ತರಗತಿಯ ಅಕ್ಷಿತಾ. ಸಂಜೆ ಏಳಕ್ಕೆ ಅವಳು ಅನ್ನಕ್ಕಿಟ್ಟು ಬರುವಷ್ಟರಲ್ಲಿ ಮಗಳು ಮಂಚದ ಮೇಲೆ ಬಿದ್ದಿದ್ದ ದೂರನ್ನು ಓದಿ ಮುಗಿಸಿ, ಅದಕ್ಕೆ ಪಿನ್ ಹಾಕಿದ್ದ ಈಮೇಲನ್ನೂ ಓದಿ, ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದಳು.

"ಅಮ್ಮಾ, ದಿಸ್ ಈಸ್ ನಾಟ್ ಫ್ಯಾಶನ್."

"ಗೊತ್ತುಂಟು. ಯು."

"ಹಾಗಲ್ಲ. ಇಟ್ಸ್ ಅ ರಿಯಲ್ ವರ್ಡ್. ಸ್ಕಾಟ್ಲೆಂಡಿನದ್ದು. ತುಂಬಾ ಹಳೇದು, ಈಗ ಯಾರೂ ಯೂಸ್ ಮಾಡೋದಿಲ್ಲ ಅಂತ ಉಂಟು." ಅವಳು ಕಾಲು ಮಡಚಿ ಕೂತಳು. "ಫುಶನ್ ಅಂದ್ರೆ... ಸ್ಯಾಪ್. ಗಿಡದ ಒಳಗೆ ಇರ್ತದಲ್ಲ?"

"ರಸ. ಸತ್ವ."

"ಹಾಂ, ಅದು ಇಲ್ಲದ್ದು ಫುಶನ್‌ಲೆಸ್. ಒಣಗಿದ ಹುಲ್ಲಿಗೆ ಹೇಳ್ತಾರೆ. ಮತ್ತೆ ಊಟಕ್ಕೆ. ಟೇಸ್ಟ್ ಇಲ್ಲ, ತಿಂದ್ರೂ ಮೈಗೆ ಹತ್ತೋದಿಲ್ಲ..."

"ಚಪ್ಪೆ."

"ಮತ್ತೆ ಕೈಕಾಲಿಗೆ. ನಮ್. ಮುಟ್ಟಿದ್ರೆ ಗೊತ್ತಾಗೋದಿಲ್ಲ."

"ಜೋಮು ಹಿಡಿದದ್ದು," ಎಂದಳು ಹರಿಣಾಕ್ಷಿ. ಮಗಳು ಇಂಗ್ಲಿಷಿನಲ್ಲಿ ಕೊಟ್ಟದ್ದಕ್ಕೆ ಕನ್ನಡದ ಮಾತು ತಾನಾಗಿ ಬರುತ್ತಿತ್ತು, ಆಫೀಸಿನಲ್ಲಿ ಹಾಳೆಗೆ ನಂಬರು ಕೊಟ್ಟ ಹಾಗೆ.

"ಲಾಸ್ಟ್ ಒನ್, ಮನುಷ್ಯರಿಗೆ. ಉತ್ಸಾಹ ಇಲ್ಲದವರು. ಒಳಗೆ ಏನೂ ಇಲ್ಲದವರು. ಬೈಯ್ಲಿಕ್ಕೆ ಹೇಳೋದು." ಅಕ್ಷಿತಾ ಮೊಬೈಲ್ ಕೆಳಗಿಟ್ಟಳು. "ಸೋ ಹಿ ಡಿಡಂಟ್ ಸೇ ಎನಿಥಿಂಗ್ ಅಬೌಟ್ ಪಪ್ಪಾ. ಡ್ರೆಸ್ ಬಗ್ಗೆಯೂ ಇಲ್ಲ."

"ಇಲ್ಲ."

"ಬಟ್ ಅಮ್ಮಾ..." ಎಂದು ನಿಲ್ಲಿಸಿದಳು.

"ಹೇಳು."

"ಇಟ್ಸ್ ಕೈಂಡ್ ಆಫ್ ಟ್ರೂ."

ಅಡುಗೆಮನೆಯಲ್ಲಿ ಇನ್ನೊಂದು ಸಂಸಾರದವರ ಕುಕ್ಕರ್ ಕೂಗಿತು. ಮಗಳ ಮುಖ ಬಿಳಿಚಿಕೊಂಡಿತ್ತು. ಹೇಳಬಾರದ್ದನ್ನು ಹೇಳಿಬಿಟ್ಟೆ ಎನ್ನುವುದು ಅವಳಿಗೆ ಗೊತ್ತಿತ್ತು. ಆದರೂ ಬಿಡಲಿಲ್ಲ.

"ಜನವರಿಯಲ್ಲಿ ನನ್ನ ರಿಪೋರ್ಟ್ ಕಾರ್ಡಿಗೆ ನೀನು ಸೈನ್ ಹಾಕಿದ್ದಿ. ಫಿಸಿಕ್ಸಲ್ಲಿ ಇಪ್ಪತ್ತೆಂಟು. ಐ ಫೇಲ್ಡ್. ಬೈತಿ ಅಂತ ಎರಡು ದಿನ ಬ್ಯಾಗಲ್ಲೇ ಇಟ್ಕೊಂಡಿದ್ದೆ. ನೀನು ನೋಡ್ಲೇ ಇಲ್ಲ."

"ನೋಡಿದ್ದೇನೆ."

"ನೋಡಿ?"

ನೋಡಿದ್ದಳು. ಇಪ್ಪತ್ತೆಂಟು ಎಂದು ಸ್ಪಷ್ಟವಾಗಿ ಓದಿ, ಪೆನ್ನು ತೆಗೆದು, ಚುಕ್ಕೆ ಹಾಕಿದ ಗೆರೆಯ ಮೇಲೆ ಸಹಿ ಮಾಡಿದ್ದಳು. ಅಕ್ಷಿತಾ ಗೋಡೆಯ ಕಡೆ ತಿರುಗಿ ಮಲಗಿ ಅಳತೊಡಗಿದಳು, ಸದ್ದಿಲ್ಲದೆ, ಬರಿಯ ಭುಜ ಅಲುಗುತ್ತಿತ್ತು. ಮಕ್ಕಳು ಅತ್ತರೆ ತಾಯಿ ಬೆನ್ನ ಮೇಲೆ ಕೈ ಇಡಬೇಕು, ಇಟ್ಟಳು. ಅಂಗಿಯ ಕೆಳಗೆ ಬೆನ್ನು ಬಿಸಿಯಾಗಿತ್ತು. ಬಿಸಿಯಾಗಿದೆ ಎಂದು ತಿಳಿಯಿತು, ಅಷ್ಟೇ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ಅನ್ನ ಬಸಿದಳು.

ಗುರುವಾರ ಅವಳು ಎಂಟಕ್ಕೇ ಆಫೀಸಿಗೆ ಹೋದಳು. ಲೋರಿಮರ್ ಏಳೂವರೆಗೆ ಬರುವವರೆಂದು ಎಲ್ಲರಿಗೂ ಗೊತ್ತಿತ್ತು. ಅರವತ್ತೊಂದು ವರ್ಷದ, ಎತ್ತರದ, ಬಡಕಲು ಮನುಷ್ಯ. ಬಾಗಿಲಲ್ಲಿ ಅವಳನ್ನು ಕಂಡವರೇ ಎದ್ದು ನಿಂತರು. ಓದುವ ಕನ್ನಡಕ ಎದೆಯ ಮೇಲೆ ದಾರದಲ್ಲಿ ನೇತಾಡುತ್ತಿತ್ತು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು.

"ನಿಮ್ಮ ಜೊತೆ ಮಾತಾಡಬಾರದು ಅಂತ ಎಚ್‌ಆರ್ ಹೇಳಿದ್ದಾರೆ," ಎಂದರು.

"ನಾನು ಮಾತಾಡುತ್ತೇನೆ. ಬಾಗಿಲು ತೆರೆದೇ ಇರಲಿ." ಅವಳು ಕೂತಳು. "ಆ ಶಬ್ದ ನಿಮಗೆ ಎಲ್ಲಿಂದ ಬಂತು?"

ಅವರು ಬೇರೇನೋ ಕೇಳುತ್ತಾಳೆ ಎಂದುಕೊಂಡಿದ್ದಿರಬೇಕು. ಕುರ್ಚಿ ಎಳೆದು ತಾವೂ ಕೂತರು. "ಅಜ್ಜಿಯದ್ದು. ನಮ್ಮದು ಸ್ಕಾಟ್ಲೆಂಡಿನ ಆಂಗಸ್ ಕಡೆ ಹೊಲದ ಮನೆ. ಕೊಯ್ದ ಹುಲ್ಲು ಮಳೆಗೆ ಸಿಕ್ಕಿ ಆಮೇಲೆ ಒಣಗಿದರೆ ಅದಕ್ಕೆ ಅಜ್ಜಿ ಹಾಗೆ ಹೇಳುತ್ತಿದ್ದಳು. ದನ ತಿನ್ನುತ್ತದೆ, ಹಾಲಾಗುವುದಿಲ್ಲ. ನೀರು ಹೆಚ್ಚಾದ ಸೂಪಿಗೂ ಅದೇ ಮಾತು. ಭಾನುವಾರ ಪಾದ್ರಿಯ ಪ್ರವಚನ ಕೇಳಿ ಬಂದರೆ ಅದಕ್ಕೂ ಅದೇ. ಒಮ್ಮೆ ನನಗೂ ಹೇಳಿದ್ದಳು."

"ನಿಮಗೆ ಯಾಕೆ?"

"ಹಸು ಕರು ಹಾಕುತ್ತಿತ್ತು. ಕರು ಅಡ್ಡ ಸಿಕ್ಕಿಕೊಂಡಿತ್ತು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ, ಯಾರನ್ನೂ ಕೂಗಲಿಲ್ಲ, ಕೈಯನ್ನೂ ಹಾಕಲಿಲ್ಲ. ಹನ್ನೆರಡು ವರ್ಷ ನನಗೆ. ಕರು ಸತ್ತಿತು." ಕನ್ನಡಕವನ್ನು ಮೂಗಿಗೇರಿಸಿ ಮತ್ತೆ ತೆಗೆದರು. "ಈಗ ನಮ್ಮ ಊರಲ್ಲೂ ಆ ಮಾತು ಕೇಳುವುದಿಲ್ಲ. ನನಗೆ ಸಿಟ್ಟು ಬಂದರೆ ಅಜ್ಜಿಯ ಬಾಯಿ ಬರುತ್ತದೆ."

"ಎಲ್ಲರೂ ಅದನ್ನು ಫ್ಯಾಶನ್ ಅಂದುಕೊಂಡಿದ್ದಾರೆ."

"ಕೇಳಿದೆ. ಅಲ್ಲ ಎಂದು ಹೇಳಲು ಹೋದೆ, ನೆಪ ಹೇಳುತ್ತಿದ್ದೇನೆ ಎಂದರು." ಅವರು ಮೇಜಿನ ಮೇಲೆ ಎರಡೂ ಕೈ ಚಾಚಿ ಇಟ್ಟುಕೊಂಡರು. "ನೋಡಿ, ದಡ್ಡರನ್ನು ಬೈಯಲು ನಮ್ಮಲ್ಲಿ ಬೇರೆ ಶಬ್ದಗಳಿವೆ, ಬೇಕಾದಷ್ಟು. ಅವು ಯಾವುದನ್ನೂ ನಾನು ಬರೆಯಲಿಲ್ಲ. ಸರ್ವರಿನದ್ದೂ ನಾನು ನಂಬಲಿಲ್ಲ. ದಾಖಲೆ ತೆಗೆದು ನೋಡಿದೆ. ಡಿ ಬಂದದ್ದು ಹನ್ನೊಂದಕ್ಕೆ. ಹನ್ನೊಂದೂ ಹತ್ತಕ್ಕೆ ನೀವು ಅದನ್ನು ತೆರೆದಿದ್ದೀರಿ. ಹನ್ನೊಂದೂವರೆಗೆ ಸಿ ಕಳಿಸಿದ್ದೀರಿ. ನಿಮಗೆ ಗೊತ್ತಿತ್ತು."

"ಗೊತ್ತಿತ್ತು," ಎಂದಳು ಹರಿಣಾಕ್ಷಿ.

ಆ ಬೆಳಗ್ಗೆ ಸೈಟಿಗೆ ಹೋಗುವ ಈಮೇಲಿಗೆ ಸಿ ಆಗಲೇ ಅಂಟಿಕೊಂಡಿತ್ತು. ಅದನ್ನು ತೆಗೆದು ಡಿ ಅಂಟಿಸಲು ನಾಲ್ಕು ಸಲ ಒತ್ತಬೇಕಿತ್ತು. ಬೆರಳು ಮೌಸಿನ ಮೇಲಿತ್ತು. ಸಿ ಹೋದರೇನು, ಡಿ ಹೋದರೇನು ಎಂದು ಕೂಡ ಅನಿಸಿರಲಿಲ್ಲ. ಏನೂ ಅನಿಸಿರಲಿಲ್ಲ. ಕಳಿಸುವ ಬಟನ್ ಒತ್ತಿದ್ದಳು. ಈವರೆಗೆ ಒಬ್ಬರೂ ಇದರ ಬಗ್ಗೆ ಅವಳನ್ನು ಕೇಳಿರಲಿಲ್ಲ. ಎಲ್ಲರೂ ಪಾಪ ಎಂದಿದ್ದರು, ದುಪಟ್ಟಾ ತಂದುಕೊಟ್ಟಿದ್ದರು.

"ನಿಮ್ಮ ಗಂಡನ ವಿಷಯ ನನಗೆ ಗೊತ್ತಿತ್ತು," ಎಂದರು ಲೋರಿಮರ್. "ಗೊತ್ತಿದ್ದೂ ಬರೆದೆ."

"ಮೂವತ್ತನಾಲ್ಕು ಜನಕ್ಕೆ."

"ಒಬ್ಬರಿಗೆ ಎಂದುಕೊಂಡೆ. ಒಬ್ಬರಿಗಾದರೂ ತಪ್ಪೇ."

"ನನಗೆ ಹೇಳಬಹುದಿತ್ತು. ಇಲ್ಲಿಂದ ನನ್ನ ಮೇಜಿಗೆ ಇಪ್ಪತ್ತು ಹೆಜ್ಜೆ."

"ಹೇಳಬೇಕಿತ್ತು."

ದೂರಿಗೆ ಸಹಿ ಹಾಕಬೇಡಿ ಎಂದು ಕೇಳಬಹುದು ಎಂದು ಅವಳು ಕಾದಳು. ಅವರು ಕೇಳಲಿಲ್ಲ. ಅವಳು ಎದ್ದು ತನ್ನ ಮೇಜಿಗೆ ಬಂದು, ಒಂದು ಖಾಲಿ ಹಾಳೆ ತೆಗೆದುಕೊಂಡು ಬರೆಯತೊಡಗಿದಳು.

ಮೂರು ಗಂಟೆಗೆ ಮೀಟಿಂಗ್ ರೂಮಿನಲ್ಲಿ ಡೈರೆಕ್ಟರ್, ಪರ್ಲ್, ಸಾಕ್ಷಿಯಾಗಿ ಪೃಥ್ವಿರಾಜ್, ಮೇಜಿನ ಆಚೆ ತುದಿಯಲ್ಲಿ ಲೋರಿಮರ್. ಹರಿಣಾಕ್ಷಿ ಪರ್ಲ್ ಕೊಟ್ಟ ದೂರನ್ನು ಸಹಿ ಇಲ್ಲದೆ ವಾಪಸು ಕೊಟ್ಟು, ತಾನು ಬರೆದದ್ದನ್ನು ಡೈರೆಕ್ಟರ್ ಮುಂದಿಟ್ಟಳು.

ಅವರು ಓದಿದರು. "ಹಾಗಾದರೆ ಇದು ಬೈಗುಳವೋ ಅಲ್ಲವೋ?"

"ಬೈಗುಳವೇ."

"ಮತ್ತೆ ಸಹಿ ಮಾಡಲು ಏನು ಅಡ್ಡಿ?"

"ಆ ದೂರಿನಲ್ಲಿ ಇರುವುದು ಬೇರೆ ಬೈಗುಳ. ಅವರು ಬರೆದದ್ದು ನನ್ನ ಬಟ್ಟೆಗಲ್ಲ, ಗಂಡ ಸತ್ತದ್ದಕ್ಕೂ ಅಲ್ಲ. ಒಳಗೆ ಏನೂ ಇಲ್ಲದವಳು ಅಂತ ಬರೆದದ್ದು. ಅದನ್ನು ಎಲ್ಲರಿಗೂ ಕಳಿಸಿದ್ದಾರೆ. ಅಷ್ಟೂ ಜನರಿಗೆ ಬರೆದು ವಾಪಸು ತೆಗೆದುಕೊಳ್ಳಬೇಕು. ನನ್ನ ದೂರು ಅಷ್ಟು."

"ಕೆಳಗೆ ಇನ್ನೊಂದು ಇದೆಯಲ್ಲ," ಎಂದರು ಡೈರೆಕ್ಟರ್.

"ಹೌದು. ಸರ್ವರ್ ಸರಿಯಾಗಿಯೇ ಇತ್ತು. ಸಿ ಎಂದು ಗೊತ್ತಿದ್ದೇ ನಾನು ಕಳಿಸಿದೆ."

ಪೃಥ್ವಿರಾಜ್ ಕುರ್ಚಿಯಲ್ಲಿ ಅಲುಗಾಡಿದ. ಪರ್ಲ್ ಮೇಜಿನ ಮೇಲೆ ಬಾಗಿ ಕನ್ನಡದಲ್ಲಿ ಹೇಳಿದಳು, "ಎಂತ ಮಾಡ್ತಿದ್ದೀರಿ ಹರಿಣಕ್ಕ? ಮಗಳ ವೀಸಾ ನೆನಪುಂಟಾ?"

"ಉಂಟು," ಎಂದಳು.

ನೆನಪಿತ್ತು. ಬೆಳಿಗ್ಗೆ ಬರೆಯುವಾಗಲೂ ಇತ್ತು. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಅಕ್ಷಿತಾಳ ಶಾಲೆ ಹೋಗುತ್ತದೆ. ಹೆದರಬೇಕಾದ ಸಂಗತಿ ಎಂದು ತಿಳಿದಿತ್ತು, ಹೆದರಿಕೆ ಮಾತ್ರ ಬರಲಿಲ್ಲ. ಅದು ಧೈರ್ಯವಲ್ಲ ಎನ್ನುವುದೂ ಅವಳಿಗೆ ತಿಳಿದಿತ್ತು.

ಕೆಲಸ ಹೋಗಲಿಲ್ಲ. ಮುಂದಿನ ಭಾನುವಾರ, ಅಲ್ಲಿ ಕೆಲಸದ ವಾರ ಶುರುವಾಗುವ ದಿನ, ಅವಳ ಕೈಗೆ ಕೊನೆಯ ಎಚ್ಚರಿಕೆ ಎಂಬ ಪತ್ರ ಬಂತು. ಇನ್ನು ಆರು ತಿಂಗಳು ಅವಳು ಕಳಿಸುವ ಪ್ರತಿಯೊಂದು ನಕ್ಷೆಯನ್ನೂ ಇನ್ನೊಬ್ಬರು ನೋಡಿ ಸಹಿ ಹಾಕಬೇಕು. ಅವಳು ಆ ಪತ್ರಕ್ಕೂ ನಂಬರು ಕೊಟ್ಟಳು. ಅದೇ ದಿನ ಲೋರಿಮರ್ ಮೂವತ್ತನಾಲ್ಕು ಜನರಿಗೂ ಮೂರು ಸಾಲು ಬರೆದರು. ನಾನು ಬಳಸಿದ ಶಬ್ದ ನನ್ನ ಊರಿನ ಹಳೆಯ ಬೈಗುಳ, ಅದಕ್ಕೂ ಯಾರ ಉಡುಪಿಗೂ ಸಂಬಂಧವಿಲ್ಲ. ಎದುರಿಗೆ ಹೇಳುವ ಧೈರ್ಯವಿಲ್ಲದೆ ಬೆನ್ನ ಹಿಂದೆ ಬರೆದೆ. ಆ ಮಾತನ್ನು ಹಿಂತೆಗೆದುಕೊಂಡಿದ್ದೇನೆ, ಶ್ರೀಮತಿ ಹರಿಣಾಕ್ಷಿಯವರ ಕ್ಷಮೆ ಕೇಳುತ್ತೇನೆ. ಜೂನ್ ತಿಂಗಳಲ್ಲಿ ಲೋರಿಮರ್ ಅವರ ಕಾಂಟ್ರ್ಯಾಕ್ಟ್ ಮುಗಿಯುವುದಿತ್ತು. ಮುಂದುವರಿಸುವುದಿಲ್ಲ ಎಂದು ಕಂಪನಿ ಅದೇ ವಾರ ತಿಳಿಸಿತು.

ಸುಳ್ಳು ಹೇಳಿದ್ದಕ್ಕೆ ಪೃಥ್ವಿರಾಜನನ್ನು ಡೈರೆಕ್ಟರ್ ಒಳಗೆ ಕರೆದು ಬೈದರು. ಅವನು ಒಮ್ಮೆ ಮಾತ್ರ ಅವಳ ಮೇಜಿಗೆ ಬಂದ. "ನಿಮ್ಮನ್ನು ಉಳಿಸ್ಲಿಕ್ಕೆ ಹೇಳಿದ್ದಲ್ವಾ ಅಕ್ಕ? ನನ್ನ ಹತ್ರ ಮೊದಲೇ ಒಂದು ಮಾತು ಹೇಳ್ಬಹುದಿತ್ತು."

"ಹೇಳಬೇಕಿತ್ತು," ಎಂದಳು ಹರಿಣಾಕ್ಷಿ. ಆಮೇಲೆ ಅವನು ಕೆಲಸವಿದ್ದರೆ ಈಮೇಲ್ ಬರೆಯುತ್ತಿದ್ದ. ಪರ್ಲ್ ಹರಿಣಕ್ಕ ಎನ್ನುವುದನ್ನು ಬಿಟ್ಟು ಮೇಡಂ ಎನ್ನತೊಡಗಿದಳು. ಪ್ಯಾಂಟ್ರಿಯಲ್ಲಿ ಅವಳ ಪಕ್ಕದ ಕುರ್ಚಿ ಖಾಲಿಯಿರುತ್ತಿತ್ತು. ದುಪಟ್ಟಾಗಳನ್ನು ಅವಳು ಕೊಟ್ಟವರಿಗೆ ಹಿಂದಿರುಗಿಸಿದಳು. ಒಬ್ಬಳು ಮಾತ್ರ, ಇಟ್ಕೊಳ್ಳಿ ಅಕ್ಕ, ನಿಮ್ಮ ಮಗಳಿಗಾಗ್ತದೆ ಎಂದಳು. ನೀಲಿಯದ್ದು ಅಕ್ಷಿತಾಳ ಪಾಲಾಯಿತು.

ಮನೆಯಲ್ಲಿ ದೊಡ್ಡ ಬದಲಾವಣೆಯೇನೂ ಆಗಲಿಲ್ಲ. ಹರಿಣಾಕ್ಷಿ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋಗಿ ಫಿಸಿಕ್ಸ್ ಮೇಷ್ಟ್ರನ್ನು ಕಂಡು ಬಂದಳು. ಅವರು ಹೇಳಿದ್ದನ್ನು ಡೈರಿಯಲ್ಲಿ ಬರೆದುಕೊಂಡಿದ್ದಳು, ಮಗಳ ಮುಂದೆ ಅದನ್ನು ಓದಿದಳು. ಅಕ್ಷಿತಾ "ಓಕೆ" ಎಂದಳು. ಮರುದಿನ ತಾನಾಗಿಯೇ ಬಂದು ಪುಸ್ತಕ ತೆರೆದು ಪಕ್ಕದಲ್ಲಿ ಕೂತಳು. ಹರಿಣಾಕ್ಷಿಗೆ ಆ ಲೆಕ್ಕಗಳು ಅರ್ಥವಾಗುತ್ತಿರಲಿಲ್ಲ. ಸುಮ್ಮನೆ ಕೂತಿದ್ದಳು.

ಏಪ್ರಿಲ್ ಎರಡನೇ ವಾರ ಅವಳು ಸೈಟಿಗೆ ಹೋಗುವ ಕಂಪನಿ ಗಾಡಿಯಲ್ಲಿ ತನಗೊಂದು ಜಾಗ ಕೇಳಿದಳು. ಒಂಬತ್ತು ವರ್ಷದಲ್ಲಿ ಒಂದು ಸಲವೂ ಸೈಟ್ ನೋಡಿರಲಿಲ್ಲ. ನಕ್ಷೆಗಳು ಮಾತ್ರ ಅವಳ ಕೈಯಿಂದ ಅಲ್ಲಿಗೆ ಹೋಗುತ್ತಿದ್ದವು. ಅಲ್ ಮೀನಾ ತಲುಪಿದಾಗ ಹತ್ತೂವರೆ. ಗಾಡಿಯಿಂದ ಇಳಿಯುವಾಗಲೇ ಕಾಂಕ್ರೀಟು ಒಡೆಯುವ ಸದ್ದು ಕೇಳುತ್ತಿತ್ತು.

ಫೋರ್‌ಮನ್ ಜಲೀಲ್ ಅವಳಿಗೆ ಹೆಲ್ಮೆಟ್ಟು, ಕಿವಿಗೆ ಹತ್ತಿ ಕೊಟ್ಟ. ಉಳ್ಳಾಲದವನು, ಐವತ್ತರ ಆಸುಪಾಸಿನ ದಪ್ಪ ಮನುಷ್ಯ. ಊರಿನವಳೆಂದು ತಿಳಿದು ಖುಷಿಯಾಯಿತು ಅವನಿಗೆ.

"ಆಫೀಸಿನವರು ಇಲ್ಲಿ ಬರೋದೇ ಇಲ್ಲ ಮಾರ್ರೆ. ಎಂತ ನೋಡ್ಲಿಕ್ಕೆ?"

"ಕಿಂಡಿಗಳನ್ನು."

ಛಾವಣಿ ಇನ್ನೂ ಬಂದಿರಲಿಲ್ಲ. ದೊಡ್ಡ ಮೈದಾನದಂಥ ನೆಲ, ಮೇಲಿನಿಂದ ನೆಟ್ಟಗೆ ಬಿಸಿಲು. ಆರು ಜನ ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಮೈಯೆಲ್ಲ ನಡುಗಿಸುವ ಬ್ರೇಕರ್ ಯಂತ್ರ ಹಿಡಿದಿದ್ದರು. ಒಡೆದಲ್ಲಿ ಕಬ್ಬಿಣದ ಸರಳುಗಳು ಹೊರಬಂದಿದ್ದವು. ಗಾಳಿಯೆಲ್ಲ ಬಿಳಿ ಧೂಳು.

"ಹದಿನಾಲ್ಕು ಒಡೀಬೇಕು. ಆರು ಆಯ್ತು," ಎಂದ ಜಲೀಲ್. "ಸರಳು ಕಡೀದೆ ಒಡೀಬೇಕಲ್ಲ, ಒಂದಕ್ಕೆ ಒಂದೂವರೆ ದಿನ ಹಿಡೀತದೆ. ಒಡೆದ ಮೇಲೆ ಹಳೇದನ್ನು ಮುಚ್ಬೇಕು. ಎಲ್ಲಾ ಸರಿಯಾಗಿ ಹಾಕ್ತಾ ಬಂದದ್ದು, ಯಾರೋ ಒಬ್ಬ ಹಳೇ ಕಾಗದ ಕಳಿಸಿದ."

ಹತ್ತಿರದಲ್ಲಿದ್ದವನೊಬ್ಬ ಬ್ರೇಕರ್ ನಿಲ್ಲಿಸಿ, ಅದನ್ನು ನಿಧಾನಕ್ಕೆ ಮಲಗಿಸಿ, ಎರಡೂ ಕೈಗಳನ್ನು ಮುಂದೆ ಹಿಡಿದು ಬೆರಳುಗಳನ್ನು ಕೊಡವಿಕೊಂಡ. ನೀರಿನ ಬಾಟಲಿ ಎತ್ತಿದ. ಮುಚ್ಚಳ ತಿರುಗಿಸಲು ಬೆರಳು ಕೇಳಲಿಲ್ಲ. ಹಲ್ಲಿನಿಂದ ಕಚ್ಚಿ ತೆಗೆದ.

ಹರಿಣಾಕ್ಷಿ ಹೆಲ್ಮೆಟ್ಟಿನ ಪಟ್ಟಿ ಸಡಿಲಿಸಿದಳು. ಬಿಸಿಲಿಗೆ ತಲೆ ತಿರುಗುತ್ತಿದೆಯೇನೋ ಎಂದುಕೊಂಡಳು. ತಲೆ ತಿರುಗುತ್ತಿರಲಿಲ್ಲ. ಮುಖ ಕಿವಿಯವರೆಗೆ ಕಾದಿತ್ತು, ಆ ಮನುಷ್ಯನ ಕಡೆ ನೋಡಲಾಗುತ್ತಿರಲಿಲ್ಲ, ಬೇರೆ ಕಡೆ ನೋಡಲೂ ಆಗುತ್ತಿರಲಿಲ್ಲ. ಅದು ನಾಚಿಕೆ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಆ ಕಾಗದ ಕಳಿಸಿದ್ದು ನಾನು," ಎಂದಳು.

ಸದ್ದಿನಲ್ಲಿ ಜಲೀಲನಿಗೆ ಕೇಳಲಿಲ್ಲ. "ಎಂತ ಹೇಳಿದ್ರಿ?"

"ನಾನು. ಹಳೇ ಕಾಗದ ಕಳಿಸಿದ್ದು ನಾನು."

ಅವನು ಅವಳನ್ನು ನೋಡಿದ, ನೆಲವನ್ನು ನೋಡಿದ, ಗಡ್ಡ ಕೆರೆದುಕೊಂಡ. ಬೈಯುತ್ತಾನೆ ಎಂದುಕೊಂಡಳು.

"ಹಾಗಾದ್ರೆ ನೀವು ಬಂದದ್ದು ಒಳ್ಳೇದಾಯ್ತು," ಎಂದ ಕೊನೆಗೆ. "ಬನ್ನಿ, ಎಂಟು ನಂಬರಿಂದು ಡ್ರಾಯಿಂಗಲ್ಲಿ ನನಗೆ ಒಂದು ಅಳತೆ ಓದ್ಲಿಕ್ಕಾಗ್ತಾ ಇಲ್ಲ. ಪ್ರಿಂಟ್ ಮಸುಕುಂಟು."

ಅವನ ಶೆಡ್ಡಿನಲ್ಲಿ ಡಿ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟಿದ್ದರು. ಹರಿಣಾಕ್ಷಿ ಬಾಗಿ ಅಳತೆಯನ್ನು ಓದಿ ಹೇಳಿದಳು. ಅವನು ಬರೆದುಕೊಂಡ. ಇನ್ನೊಮ್ಮೆ ನೋಡಿ ಹೇಳಿ ಎಂದ. ಅವಳು ಮತ್ತೆ ನೋಡಿದಳು, ಬೆರಳಿಟ್ಟು ಒಂದೊಂದೇ ಅಂಕಿ ಓದಿದಳು. ಆಮೇಲೆ ಉಳಿದ ಏಳು ಕಿಂಡಿಗಳ ಅಳತೆಯನ್ನೂ ಕೇಳದೆಯೇ ಓದಿ ಬರೆಸಿದಳು. ಎಲ್ಲ ಮುಗಿದಾಗ ಹನ್ನೆರಡು ದಾಟಿತ್ತು. ಕೆಲಸದವರು ನೆರಳಿಗೆ ಬಂದು ಊಟದ ಡಬ್ಬಿ ಬಿಚ್ಚುತ್ತಿದ್ದರು.

ದುಬೈಗೆ ವಾಪಸು ಹೋಗುವ ಗಾಡಿಯಲ್ಲಿ ಅವಳೊಬ್ಬಳೇ ಇದ್ದಳು. ಹೆದ್ದಾರಿ ಸೇರಿದ ಮೇಲೆ ಡ್ರೈವರ್ ಎಸಿ ಜೋರು ಮಾಡಿದ. ಅವಳು ಸ್ವಲ್ಪ ದೂರ ಹಾಗೇ ಕೂತಿದ್ದು, ಆಮೇಲೆ ಮುಂದಕ್ಕೆ ಬಾಗಿ, ಚಳಿಯಾಗುತ್ತಿದೆ, ಕಡಿಮೆ ಮಾಡಿ ಎಂದಳು.